ಬೋಳುಮಾಮ ಊರಿಗೆ ಹೋದದ್ದು

ಹೋಟೆಲಿನವರ ಮಕ್ಕಳಿಗೆ ಸಿನಿಮಾ ಹೇಗೆ ಶುರುವಾಗುತ್ತದೆಂದು ಚೆನ್ನಾಗಿ ಗೊತ್ತಿರುತ್ತದೆ. ಹೇಗೆ ಮುಗಿಯುತ್ತದೆಂದು ಮಾತ್ರ ಗೊತ್ತಿರುವುದಿಲ್ಲ. ಅಪ್ಪ ದಾದರ್ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವವರೆಗೆ ಹೋಟೆಲಿನವರಿಗೆ ಬಿಡುವು. ಉಳಿದವರೆಲ್ಲ ಮಾಳಿಗೆಯಲ್ಲಿ ಚಾಪೆ ಹಾಸಿ ಗೊರಕೆ ಹೊಡೆಯುತ್ತಿದ್ದರೆ, ಅಪ್ಪ ರಜಾದಿನಗಳಲ್ಲಿ ನನ್ನನ್ನೂ ತಮ್ಮನನ್ನೂ ಕಟ್ಟಿಕೊಂಡು ಮ್ಯಾಟಿನಿಗೆ ಹೊರಡುತ್ತಿದ್ದರು. ನಾವು ಮೂವರೂ ಮರುಳಾಗಿದ್ದದ್ದು ನಿಧಿ ಹುಡುಕುವ ಒಂದು ತಂಡದ ಸಾಹಸದ ಸಿನಿಮಾಗಳಿಗೆ. ಒಂದರ ಹಿಂದೆ ಒಂದು ಭಾಗ ಬರುತ್ತಿತ್ತು. ತಂಡದಲ್ಲಿ ನಾಯಕನ ಸಾಮಾನು ಹೊತ್ತು ಗೊಣಗುವ ಒಬ್ಬ ಬೋಳುತಲೆಯ ಗೆಳೆಯನಿದ್ದ. ನಾವು ಅವನಿಗೆ ಬೋಳುಮಾಮ ಎಂದು ಹೆಸರಿಟ್ಟಿದ್ದೆವು. ನಾಯಕ ಯಾರಿಗೆ ಬೇಕಿತ್ತು? ನನಗೆ ಬೋಳುಮಾಮನೇ ಪ್ರಾಣ.

ಸರಿಯಾಗಿ ಗುಹೆಯೊಳಗೆ ನೀರು ನುಗ್ಗುವ ಹೊತ್ತಿಗೆ ಅಪ್ಪ ಎದ್ದು ನಿಲ್ಲುತ್ತಿದ್ದರು. "ಏಳಿ ಮಕ್ಕಳೇ, ಕಾವಲಿ ಬಿಸಿಗಿಡಲಿಕ್ಕುಂಟು." ನಾವು ಅಳುತ್ತ, ಹಿಂದೆ ತಿರುಗಿ ನೋಡುತ್ತ, ಯಾರದೋ ಕಾಲು ತುಳಿದು ಬೈಸಿಕೊಳ್ಳುತ್ತ ಹೊರಬರುತ್ತಿದ್ದೆವು. ಹೋಟೆಲಿನವರೆಗಿನ ದಾರಿಯಲ್ಲಿ ಅಪ್ಪ ಉಳಿದ ಕಥೆ ಹೇಳಿ ಮುಗಿಸುತ್ತಿದ್ದರು. ನೀರು ಇಳಿಯಿತು, ಎಲ್ಲರೂ ಹೊರಗೆ ಬಂದರು, ಬಟ್ಟೆ ಒಣಗಿಸಿಕೊಂಡರು, ಗಂಜಿ ಊಟ ಮಾಡಿದರು. ಅಪ್ಪನ ಸಿನಿಮಾಗಳಲ್ಲಿ ಊಟವಾಗದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ವಿದೇಶದ ಗುಹೆಯ ಬಾಯಲ್ಲಿ ಗಂಜಿ ಬೇಯಿಸಿದವರು ಯಾರು ಎಂದು ನಾನು ಕೇಳಲಿಲ್ಲ; ಉಪ್ಪಿನಕಾಯಿ ಇತ್ತೇ ಎಂದಷ್ಟೇ ಕೇಳುತ್ತಿದ್ದೆ.

ಮೂರನೆಯ ಭಾಗದಲ್ಲಿ ಬೋಳುಮಾಮ ಕಾಣಿಸಲೇ ಇಲ್ಲ. ನಾನು ಟಾಕೀಸಿನಲ್ಲೇ ರಂಪ ಮಾಡಿದೆ. ಅಪ್ಪ ಒಂದು ಕ್ಷಣವೂ ತಡವರಿಸದೆ, "ಅವ ಊರಿಗೆ ಹೋಗಿದ್ದಾನೆ ಮಾರಾಯ, ತಂಗಿಯ ಮದುವೆ ಉಂಟಲ್ಲ," ಎಂದರು. ನನಗೆ ಸಮಾಧಾನವಾಯಿತು. ನಮ್ಮ ಹೋಟೆಲಿನಲ್ಲೂ ಕಾಣೆಯಾದವರೆಲ್ಲ ಹೋಗುತ್ತಿದ್ದದ್ದು ಅಲ್ಲಿಗೇ. ಅಪ್ಪ ತೀರಿಕೊಂಡ ಮೇಲೂ, ಅಂದರೆ ನನ್ನ ತಲೆಯೂ ಬೋಳಾದ ಮೇಲೂ, ನಾನು ಅದನ್ನು ನಂಬಿಕೊಂಡೇ ಇದ್ದೆ.

ಮೊನ್ನೆ ಭಾನುವಾರ ಭಾಂಡುಪಿನ ನಮ್ಮ ಮನೆಯಲ್ಲಿ ಮಗಳು ಆ ಸಿನಿಮಾಗಳನ್ನು ಟಿವಿಯಲ್ಲಿ ಹುಡುಕಿಕೊಟ್ಟಳು. ಅಪ್ಪ ಹೋಗಿ ವರ್ಷ ತುಂಬಿರಲಿಲ್ಲ. ಅವರ ಪಕ್ಕದಲ್ಲಿ ಕೂತ ಹಾಗಾದೀತು ಎಂಬ ಆಸೆ ನನಗೆ. ಮೊದಲ ಭಾಗ ನೋಡುವಾಗ ನಿಜಕ್ಕೂ ಹಾಗೆಯೇ ಆಯಿತು. ಎರಡನೆಯದರಲ್ಲಿ ಗುಹೆಗೆ ನೀರು ನುಗ್ಗಿತು. ನಾನು ಮೊದಲ ಬಾರಿಗೆ ಏಳದೆ ಕೂತೆ. ಬೋಳುಮಾಮ ಕಲ್ಲಿನ ಬಾಗಿಲನ್ನು ಹೆಗಲಿನಿಂದ ಎತ್ತಿ ಹಿಡಿದ, ಎಲ್ಲರೂ ಹೊರಗೆ ನುಸುಳಿದರು, ಬಾಗಿಲು ಬಿತ್ತು. ನೀರೂ ಇಳಿಯಲಿಲ್ಲ, ಗಂಜಿಯೂ ಬೇಯಲಿಲ್ಲ. ಅಪ್ಪನ ಕಾರ್ಯದ ದಿನ ಬಂದವರಿಗೆಲ್ಲ ಬಡಿಸುತ್ತ ಓಡಾಡಿದ್ದ ನಾನು, ಗಟ್ಟಿ ಮನುಷ್ಯ ಎನ್ನಿಸಿಕೊಂಡಿದ್ದ ನಾನು, ಸೋಫಾದ ದಿಂಬಿಗೆ ಮುಖ ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತೆ. "ಪಪ್ಪಾ, ಪಿಕ್ಚರ್ ಹೈ," ಎಂದು ಮಗಳು ಬೆನ್ನು ಸವರಿದಳು.

ಈ ಸಾವಿನ ಸುದ್ದಿಯನ್ನು ಯಾರಿಗಾದರೂ ತಿಳಿಸಬೇಕಲ್ಲ? ದಹಿಸರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ.

"ಬೋಳುಮಾಮ ಸತ್ತುಹೋದ ಮಾರಾಯ," ಎಂದೆ.

"ಗೊತ್ತುಂಟು ಅಣ್ಣ," ಎಂದ. "ಕಾಲೇಜಿನಲ್ಲಿರುವಾಗಲೇ ನೋಡಿದ್ದೇನೆ. ಅಪ್ಪನಿಗೂ ಹೇಳಿದ್ದೆ. ಅಣ್ಣನ ಹತ್ತಿರ ಹೇಳಬೇಡ, ಅವನಿಗೆ ತಡಕೊಳ್ಳಲಿಕ್ಕಾಗುವುದಿಲ್ಲ ಅಂದರು."

ಮನೆಯ ಹಿರಿಯ ಮಗ ನಾನು. ನನ್ನನ್ನು ಇವರು ಇಷ್ಟು ವರ್ಷ ತೊಟ್ಟಿಲಲ್ಲಿಟ್ಟು ತೂಗಿದ್ದಾರೆ ಎಂದು ಸಿಟ್ಟೇ ಬಂತು. ಬಯ್ಯಬೇಕೆಂದು ಬಾಯಿ ತೆರೆದವನಿಗೆ ಇನ್ನೇನೋ ಹೊಳೆಯಿತು. ಅಪ್ಪನಿಗೆ ಹೊಟ್ಟೆನೋವು ಬಂದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ತಮ್ಮ. ಬರೀ ಗ್ಯಾಸ್ ಎಂದು ನನಗೆ ಹೇಳಿದವನೂ ಅವನೇ.

"ಅಪ್ಪನ ಕಾಯಿಲೆ?" ಎಂದೆ. "ಅದೂ ನಿಮಗೆಲ್ಲ ಮೊದಲೇ ಗೊತ್ತಿತ್ತಾ?"

"ಅದನ್ನೂ ಅಪ್ಪನೇ ಹೇಳಬೇಡ ಅಂದದ್ದು ಅಣ್ಣ."

ಆ ತಿಂಗಳುಗಳಲ್ಲಿ ನಾನು ಅಪ್ಪನನ್ನು ಉಡುಪಿಗೆ ಕರೆದುಕೊಂಡು ಹೋಗಬೇಕೆಂದು ದೀಪಾವಳಿಗೆ ರೈಲು ಟಿಕೆಟ್ ಕಾದಿರಿಸಿದ್ದೆ. ಅಪ್ಪ ದಿನಾ ಕೇಳುತ್ತಿದ್ದರು, "ಕಿಟಕಿ ಬದಿಯದ್ದು ಸಿಕ್ಕಿತಾ?" ಸಿಕ್ಕಿದೆ ಎಂದರೆ ಮಗುವಿನ ಹಾಗೆ ನಗುತ್ತಿದ್ದರು. ತಾವು ಆ ರೈಲು ಹತ್ತುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತಿದ್ದರು. ಗೊತ್ತಿದ್ದರೆ ನಾನು ಅವರ ಪಕ್ಕದಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಅಥವಾ ದಿನವಿಡೀ ಅತ್ತು ಅವರನ್ನೂ ಅಳಿಸುತ್ತಿದ್ದೆನೋ ಏನೋ. ಅಪ್ಪ ಎರಡನೆಯದನ್ನೇ ನಂಬಿದ್ದರು.

ಫೋನ್ ಇಟ್ಟು ಮುಖ ತೊಳೆದು ಬಂದು, "ಕೊನೆಯ ಭಾಗ ಹಾಕು, ನೋಡಿಯೇ ಬಿಡೋಣ," ಎಂದೆ. ಮಗಳು ಮೊಬೈಲಿನಲ್ಲಿ ಏನನ್ನೋ ಓದುತ್ತಿದ್ದಳು. ಓದುತ್ತ ಓದುತ್ತ ಅವಳ ಮುಖ ಸಣ್ಣದಾಯಿತು. ಮೊಬೈಲನ್ನು ಮೆಲ್ಲಗೆ ಬೋರಲು ಹಾಕಿ, ಟಿವಿ ಆರಿಸಿ, ತನಗೆ ಬರುವ ಅರೆಬರೆ ಕನ್ನಡವನ್ನೆಲ್ಲ ಒಟ್ಟುಗೂಡಿಸಿ ಹೇಳಿದಳು: "ಬೇಡ ಪಪ್ಪಾ. ಲಾಸ್ಟ್ ವಾಲಾ ಚೆನ್ನಾಗಿಲ್ಲ. ಎಲ್ಲ ಜನ ಖುಷಿ ಖುಷಿ ಇರ್ತಾರೆ. ಬೋರಿಂಗ್ ಹೈ."

"ಹೌದಾ?" ಎಂದೆ. "ಹಾಗಾದರೆ ಬೇಡ ಬಿಡು."