ಮಾವನ ಟ್ರ್ಯಾಕ್ಟರಿಗೆ ಡೀಸೆಲ್ ಇಂಜಿನ್

ಗೊತ್ತಿಲ್ಲದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದ ಆಗದ ಕೆಲಸ. ದಾವಣಗೆರೆಯಲ್ಲಿ ನನ್ನದು ಸೀರೆ ಅಂಗಡಿ. ಸೀರೆಯ ಬಗ್ಗೆ ನಾನು ಮಾತಾಡುವುದು ಕಡಿಮೆ. ಇಂಜಿನ್, ಬೋರ್‌ವೆಲ್, ಮಂಡಿನೋವು ಎಂದರೆ ಮಾತ್ರ ನಾಲಿಗೆ ನಿಲ್ಲುವುದಿಲ್ಲ. ಕೊಕ್ಕನೂರಿನ ನನ್ನ ಮಾವನವರ ಪೆಟ್ರೋಲ್ ಟ್ರ್ಯಾಕ್ಟರ್ ಈ ನಾಲಿಗೆಗೆ ಸಿಕ್ಕಿತು. ಅದು ಅವರ ಅಪ್ಪನ ಕಾಲದ್ದು; ಕುಡಿಯುವುದು ಹೆಚ್ಚು, ಎಳೆಯುವುದು ಕಡಿಮೆ. ಮಾರಲು ಮಾತ್ರ ಮಾವನಿಗೆ ಮನಸ್ಸಿಲ್ಲ. "ಡೀಸೆಲ್ ಇಂಜಿನ್ ಕೂರಿಸಿಬಿಡೋಣ, ನಾನಿದ್ದೀನಲ್ಲ" ಎಂದೆ. ಮಗಳ ನಂತರ ಮಾವ ನನ್ನನ್ನು ನಂಬಿ ಒಪ್ಪಿಸಿದ್ದು ಅದನ್ನೇ.

ಹರಿಹರದ ಗ್ಯಾರೇಜಿನವರು ಹಳೇ ಇಂಜಿನ್ ಇಳಿಸಿ, ಎಲ್ಲಿಂದಲೋ ತಂದ ಡೀಸೆಲ್ ಇಂಜಿನ್ ಕೂರಿಸಿದರು. ಗಾಡಿಗೆ ಬೇರೆ ಇಂಜಿನ್ ಬಂದರೆ ಮಾವನ ಮನೆಯವರ ಮೊದಲ ಓಟ ಹೊಳೆದಂಡೆಯ ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ. ದೆವ್ವ, ಗಾಳಿ ಹಿಡಿದವರನ್ನು ಕರೆತರುವುದೂ ಅಲ್ಲಿಗೇ. ಮೆಕ್ಯಾನಿಕ್ ಸ್ಟಾರ್ಟ್ ಮಾಡಿಕೊಟ್ಟ ಗಾಡಿಯನ್ನು ನಾನೇ ಓಡಿಸಿದೆ. ಮಾವ ಮಡ್‌ಗಾರ್ಡ್ ಮೇಲೆ. ಅತ್ತೆ, ನನ್ನ ಹೆಂಡತಿ ಹಿಂದೆ ಟ್ರೇಲರಿನಲ್ಲಿ. ಗುಡಿಯ ಮುಂದೆ ನಿಲ್ಲಿಸಿ, ಗತ್ತಿನಿಂದ ಚಾವಿ ತೆಗೆದು ಜೇಬಿಗಿಳಿಸಿ ಕೆಳಗಿಳಿದೆ. ಇಂಜಿನ್ ಮಾತ್ರ ಬಡಬಡ ಬಡಿದುಕೊಳ್ಳುತ್ತಲೇ ಇತ್ತು. ಮತ್ತೆ ಹತ್ತಿ ಚಾವಿ ಹಾಕಿ ತಿರುಗಿಸಿದೆ, ತೆಗೆದೆ. ಜಗ್ಗಲಿಲ್ಲ. ಜನ ಸೇರಿದರು.

"ಯಾಕ್ರಿ ಅಳಿಯಂದ್ರೆ, ಬಂದ್ ಆಗ್ತಿಲ್ಲೇನು?" ಎಂದರು ಮಾವ.

"ಹೊಸ್ದಾಗಿ ಕೂರ್ಸಿದ್ದಲ್ಲೇನ್ರಿ ಮಾವ, ತಾನೇ ನಿಲ್ತೈತೆ."

ಗುಂಪಿನಲ್ಲಿದ್ದ ಅಜ್ಜಿಯೊಬ್ಬಳು, "ಚಾವಿ ಇಲ್ದಂಗೆ ಹೆಂಗೆ ನಡುಗ್ತೈತೆ ನೋಡ್ರಪ್ಪಾ! ಗಾಡಿಗೆ ಗಾಳಿ ಹಿಡ್ದೈತೆ!" ಎಂದು ಕೂಗಿದಳು. "ಯಾವ ಸತ್ತ ಗಾಡಿ ಇಂಜಿನ್ನೋ ಏನೋ, ಬ್ಯಾಡ ಅಂದ್ರೆ ಕೇಳ್ಲಿಲ್ಲ" ಎಂದು ಅತ್ತೆ ಕೈ ಮುಗಿದರು. ಮಾವನ ಮುಖ ಬಾಡಿತು. ನಿಲ್ಲಿಸುವುದು ನನಗೆ ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಹೇಳಲಾರದೆ ನಾನು ಆಡಿದ ಮಾತು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ: "ಇದ್ರೂ ಇರಬೌದ್ರಿ."

ಮಾವ ಓಡಿಹೋಗಿ ಪೂಜಾರಿಯನ್ನು ಕರೆತಂದರು. ಅವರು ಬಾನೆಟ್ಟಿಗೆ ವಿಭೂತಿ ಬಳಿದರು. ಸ್ಟೀರಿಂಗಿಗೆ ಹೂವಿಡಲು ಹತ್ತಿದ ನನ್ನ ಹೆಂಡತಿ, ಸೀಟಿನ ಪಕ್ಕದ ಒಂದು ತಂತಿಯನ್ನು ಮೆಲ್ಲಗೆ ಎಳೆದಳು. ಇಂಜಿನ್ ಬಡಿತ ನಿಂತಿತು. ಜನ ಅಜ್ಜಯ್ಯನಿಗೆ ಜೈಕಾರ ಹಾಕಿದರು. ಅವಳು ಇಳಿದು ಬಂದು ನನ್ನ ಕಿವಿಯಲ್ಲಿ, "ಡೀಸೆಲ್ ಗಾಡಿ ನಿಲ್ಸಾಕೆ ಆ ತಂತಿ ಎಳೀಬೇಕಂತೆ ರೀ. ಮೆಕ್ಯಾನಿಕ್ ಹೇಳೋವಾಗ ನೀವು ಫೋನಿನಾಗೆ ಯಾರಿಗೋ ಡೀಸೆಲ್ ಪಾಠ ಮಾಡ್ತಿದ್ರಿ" ಎಂದಳು.

ಅತ್ತ ಮಾವ ಕಣ್ಣೊರೆಸಿಕೊಳ್ಳುತ್ತ ಟ್ರ್ಯಾಕ್ಟರಿಗೆ ಹಣೆ ಹಚ್ಚಿ ನಿಂತಿದ್ದರು. ಇನ್ನು ತಡೆಯಲಾಗಲಿಲ್ಲ. "ಮಾವ, ಒಂದ್ ಮಾತು..." ಎಂದೆ. ಅವರು ನನ್ನ ಕೈ ಹಿಡಿದುಕೊಂಡು, "ಮಾತು ಆಮೇಲೆ, ಬರ್ರಿ. ಗಾಡಿ ಬಿಟ್ಟ ಗಾಳಿ ಓಡ್ಸಿದೋರ್ನ ಹಿಡೀತೈತಂತೆ, ಮೊದ್ಲು ಹೊಳ್ಯಾಗೆ ಮುಳುಗ್ರಿ" ಎಂದು ಎಳೆದೊಯ್ದರು. ತುಂಗಭದ್ರೆಯ ಸೊಂಟಮಟ್ಟದ ನೀರಿನಲ್ಲಿ ನಿಂತು ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಭಕ್ತಿಯಿಂದ ನನ್ನ ತಲೆ ಅದುಮಿದರು. ಅವರು ಕೈ ತೆಗೆದ ಮೇಲೂ ನಾನು ಮೇಲೇಳಲಿಲ್ಲ. ದಡದಲ್ಲಿ ಹೆಂಡತಿ ನಗು ತಡೆದುಕೊಂಡು ನಿಂತಿದ್ದಳು.