ತುದಿಯ ಹನಿ

ವ್ಯತ್ಯಾಸವಿದ್ದದ್ದು ಐದು, ಅದೂ ದಶಾಂಶದ ಎರಡನೇ ಸ್ಥಾನದಲ್ಲಿ. ಅಷ್ಟಕ್ಕೇ ಹಸ್ನುಲನ ರಂಜಾನ್ ಹಬ್ಬ ಹಾಳಾಗುವ ಹಾಗಿತ್ತು.

ಮಲೇಷ್ಯಾದ ಪೆನಾಂಗಿನ ಆ ಕಾರ್ಖಾನೆಯಲ್ಲಿ ರಕ್ತನಾಳಕ್ಕೆ ತೂರಿಸುವ ನಳಿಕೆಗಳು ತಯಾರಾಗುತ್ತವೆ. ರಕ್ತ ಹೆಪ್ಪುಗಟ್ಟದಂತೆ ನಳಿಕೆಯೊಳಗೇ ತುಂಬಿಡುವ ಔಷಧಿ ಎಷ್ಟು ಹಿಡಿಯುತ್ತದೆಂದು ಅಳೆಯುವುದು ಹಸ್ನುಲನ ಕೆಲಸ. ಒಣ ನಳಿಕೆ ತೂಗಬೇಕು, ನೀರು ತುಂಬಿಸಬೇಕು, ಮತ್ತೆ ತೂಗಬೇಕು. ಹೆಚ್ಚಾದ ತೂಕವೇ ಒಳಗಿನ ಅಳತೆ. ಹಾಳೆಯಲ್ಲಿ ಬರೆದು, ಕೊನೆಗೆ ತನ್ನೂರಿನ ಗಾಳಿಪಟದಂತೆ ಬಾಲ ಸುತ್ತಿದ ಸಹಿ ಹಾಕುತ್ತಿದ್ದ.

ಯಾವುದೋ ಮಕ್ಕಳ ಆಸ್ಪತ್ರೆಯವರು ಕೇಳಿದ್ದರಿಂದ, ಹಬ್ಬದ ಹಿಂದಿನ ದಿನ ಹನ್ನೊಂದು ವರ್ಷದ ಹಿಂದೆ ಅಳತೆಯಾಗಿದ್ದ ಹಳೆಯ ಮಾದರಿಯೊಂದನ್ನು ಮತ್ತೆ ಅಳೆದ. ಮೂವತ್ತು ನಳಿಕೆಯಲ್ಲೂ 0.31 ಮಿಲಿಲೀಟರ್ ಬಂತು. ಪೊಟ್ಟಣದ ಮೇಲೆ ಅಚ್ಚಾಗಿದ್ದದ್ದು 0.36. ಐದು ಗಂಟೆಗೆ ಅವನೂರು ಕೋತಾ ಬಾರುವಿನ ಬಸ್ಸು. ಅಲ್ಲಿ ಹೆಂಡತಿ, ಎಂಟು ತಿಂಗಳ ಮಗಳು, ಅವಳ ಮೊದಲ ಹಬ್ಬ.

ಪ್ರಯೋಗಾಲಯದ ಮುಖ್ಯಸ್ಥೆ ಖೋರ್ ಮೇಡಂ ಹಾಳೆಯನ್ನು ಹಿಂದಕ್ಕೆ ತಳ್ಳಿದರು.

"ಹನ್ನೊಂದು ವರ್ಷ ಯಾರಿಗೂ ಕಾಣದ ತಪ್ಪು ನಿಂಗೇ ಕಾಣ್ಬೇಕಾ? ಉಪವಾಸ ನೀನು, ಕೈ ನಡುಗಿರತ್ತೆ. ಇನ್ನೊಂದ್ಸಲ ಅಳೆ."

ಹಸ್ನುಲನಿಗೆ ಮೈಯೆಲ್ಲ ಉರಿಯಿತು. ಉಪವಾಸ ಹೊಟ್ಟೆಗೆ, ಕೈಗಲ್ಲ. ಆದರೂ ಅಳೆಯಲು ಕೂತ. ಅಷ್ಟರಲ್ಲಿ ಸುದ್ದಿ ಹಬ್ಬಿ, ಕೇಳದೆಯೇ ಸಲಹೆಗಾರರು ಬಂದರು. ಯಂತ್ರ ರಿಪೇರಿಯ ತರುಮಲಿಂಗಂ, ಏಸಿ ಗಾಳಿಗೆ ತಕ್ಕಡಿ ಅಲುಗುತ್ತದೆಂದು ಏಸಿ ಆರಿಸಿದ. ಪ್ಯಾಕಿಂಗ್ ವಿಭಾಗದ ರೊಗಾಯಾ ಅಕ್ಕ, ಒಳಗೆ ಗುಳ್ಳೆ ಕೂತಿದೆಯೆಂದು ಒಂದೊಂದು ನಳಿಕೆಯನ್ನೂ ಉಗುರಿನಿಂದ ತಟ್ಟಿದಳು. ಸೆಕೆಗೆ ಹಸ್ನುಲನ ಬೆವರು ತಕ್ಕಡಿಯ ಮೇಲೇ ಬಿದ್ದು, ಹನ್ನೆರಡು ನಳಿಕೆ ಮೊದಲಿಂದ ಅಳೆಯಬೇಕಾಯಿತು. ಗಂಟೆ ಮೂರಾದರೂ 0.31 ಜಗ್ಗಲಿಲ್ಲ.

ಕೊನೆಗೆ ರೊಗಾಯಾ ಅಕ್ಕ ತಾನೇ ಒಂದನ್ನು ತುಂಬಿಸಿ ತಕ್ಕಡಿಗಿಟ್ಟಳು. 0.36. ಎಲ್ಲರೂ ಹಸ್ನುಲನತ್ತ ಕನಿಕರದಿಂದ ನೋಡಿದರು. ಅವನು ಬಗ್ಗಿ ನೋಡಿದ. ನಳಿಕೆಯ ತುದಿಯಲ್ಲಿ ಒಂದು ಹನಿ ನೇತಾಡುತ್ತಿತ್ತು. ಬಟ್ಟೆಯಿಂದ ಒರೆಸಿ ಮತ್ತೆ ತೂಗಿದ. 0.31.

ಬೆಳಗಿನಿಂದ ನುಂಗಿಕೊಂಡ ಸಿಟ್ಟೆಲ್ಲ ಆಚೆ ಬಂತು.

"ಒಳಗೆಷ್ಟಿದೆ ಅಂದ್ರೆ ಹೊರಗೆ ನೇತಾಡೋದನ್ನೂ ಸೇರಿಸ್ತಾರಾ, ಮೇಡಂ? ಪೊಟ್ಟಣ ನಂಬ್ಕೊಂಡು ತುಂಬಿಸಿದ್ರೆ ಆ ಒಂದು ಹನಿ ಔಷಧಿ ಕೂಸಿನ ರಕ್ತಕ್ಕೇ ಹೋಗತ್ತೆ. ಅಳೆದೋನು ಕಣ್ಣು ಮನೇಲಿಟ್ಟು ಬಂದಿದ್ನಾ? ಅವನು ಅಳೆದಿರೋದನ್ನೆಲ್ಲಾ ಅವನ ಕೈಲೇ ಮತ್ತೆ ಅಳೆಸಿ. ಹಬ್ಬ ಇರ್ಲಿ, ಮದುವೆ ಇರ್ಲಿ, ಮುಗಿಯೋ ತನಕ ರಜ ಕೊಡ್ಬೇಡಿ."

ಖೋರ್ ಮೇಡಂ ತಪ್ಪೊಪ್ಪಿಕೊಂಡರು. ಅಷ್ಟೇ ಅಲ್ಲ, ಅವನ ಮಾತನ್ನೇ ಆದೇಶವಾಗಿ ಬರೆದು, ಸೂಚಿಸಿದವನೆಂದು ಅವನ ಸಹಿಯನ್ನೂ ಪಡೆದರು. ಹಸ್ನುಲ್ ಗಾಳಿಪಟದ ಬಾಲಕ್ಕೆ ಒಂದು ಸುತ್ತು ಹೆಚ್ಚಿಗೇ ಸುತ್ತಿದ. ನಾಲ್ಕಾಗಿತ್ತು. ಚೀಲ ಹೆಗಲಿಗೇರಿಸಿದ.

ತರುಮಲಿಂಗಂ ಹಳೆಯ ಕಡತ ಹುಡುಕಿ ತಂದ. ಮೇಡಂ ಹಾಳೆ ತೆಗೆದು ಆದೇಶದ ಪಕ್ಕದಲ್ಲಿಟ್ಟರು. ಮಾಸಿದ ಶಾಯಿಯಲ್ಲಿ, ಕೆಳಗಡೆ, ಬಾಲ ಸುತ್ತಿದ ಗಾಳಿಪಟ. ತಾರೀಖು ಹಸ್ನುಲ್ ಕೆಲಸಕ್ಕೆ ಸೇರಿದ ಎರಡನೇ ವಾರದ್ದು. ಆ ತಿಂಗಳು ಅವನು ಅಳೆದ ಮಾದರಿಗಳು ನಲವತ್ತೆರಡು.

ಹಸ್ನುಲ್ ಚೀಲ ಕೆಳಗಿಟ್ಟ.

"ತಮ್ಮಾ," ಎಂದಳು ರೊಗಾಯಾ ಅಕ್ಕ ಮೆಲ್ಲಗೆ, "ಒರೆಸೋಕೆ ಬಟ್ಟೆ ಇನ್ನೊಂದಿಷ್ಟು ತಂದ್ಕೊಡ್ಲಾ?"