ಬೆಳ್ಳಿ ಬಣ್ಣದ ಲ್ಯಾಪ್‌ಟಾಪ್

ಬಣ್ಣಕ್ಕೆ ಮರುಳಾಗುವ ಕಾಯಿಲೆ ನನಗೆ ಚಿಕ್ಕಂದಿನಿಂದಲೂ ಇದೆ. ಕಾನ್ವೆಂಟಿನ ಸಿಸ್ಟರ್‌ಗಳು ಇಂಗ್ಲಿಷ್ ಕಲಿಸಿದರು, ಫೋರ್ಕಿನಲ್ಲಿ ತಿನ್ನುವುದನ್ನು ಕಲಿಸಿದರು, ಈ ವೀಕ್‌ನೆಸ್ಸಿಗೆ ಮಾತ್ರ ಮದ್ದು ಕೊಡಲಿಲ್ಲ. ಮದುವೆಗೆ ಹ್ಞೂಂ ಅಂದದ್ದೂ ಹುಡುಗ ಹಾಕಿಕೊಂಡು ಬಂದಿದ್ದ ತಿಳಿನೀಲಿ ಶರ್ಟು ನೋಡಿಯೇ. ಅದು ಅವರಣ್ಣನ ಶರ್ಟು ಎಂದು ಆಮೇಲೆ ತಿಳಿಯಿತು. ಶರ್ಟು ವಾಪಸ್ ಹೋಯಿತು, ಯಜಮಾನರು ಉಳಿದರು.

ಈ ಯಜಮಾನರು ಊರ್ಡಿಗೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ತುಮಕೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು, ದಿನಾ ಬೆಳಿಗ್ಗೆ ಕಾಫಿ ಆದಮೇಲೆ ಎರಡೇ ಬೆರಳಲ್ಲಿ ಕುಟ್ಟುತ್ತಿದ್ದರು. ಗುಬ್ಬಿ ಹತ್ತಿರ ಬಿದರೆಹಳ್ಳ ಕಾವಲಿನ ಹುಲ್ಲುಗಾವಲಿನಲ್ಲಿ ಈಗ ಹೆಲಿಕಾಪ್ಟರ್ ಫ್ಯಾಕ್ಟರಿ ಇದೆಯಲ್ಲ, ಅಲ್ಲಿ ಹುಡುಗರಾಗಿದ್ದಾಗ ದನ ಮೇಯಿಸಿದ ಕಥೆ. ಒಂದು ಪುಟ ಆದಾಗಲೆಲ್ಲ "ಓದೇ ಒಂಚೂರು" ಅನ್ನುವರು. ನನಗೆ ಕನ್ನಡ ಮಾತಾಡುವುದು ಸಲೀಸು, ಓದುವುದೆಂದರೆ ಮಂಡಿ ನೋವಿನಲ್ಲಿ ಮೆಟ್ಟಿಲು ಹತ್ತಿದ ಹಾಗೆ. "ಲೇಟರ್, ಡಿಯರ್, ಲೇಟರ್" ಅಂದು ಕುಕ್ಕರಿನ ಕಡೆ ಓಡುತ್ತಿದ್ದೆ.

ಆ ಲ್ಯಾಪ್‌ಟಾಪಿನ ಕತ್ತು ಮುರಿದು, ಸ್ಕ್ರೀನನ್ನು ರಾಗಿ ಹಿಟ್ಟಿನ ಡಬ್ಬಕ್ಕೆ ಒರಗಿಸುವ ಸ್ಥಿತಿ ಬಂದಾಗ ಹೊಸದರ ಮಾತು ಎದ್ದಿತು. ಕುಣಿಗಲ್‌ನಲ್ಲಿ ಕಂಪ್ಯೂಟರ್ ಟೀಚರ್ ಆಗಿರುವ ನನ್ನ ಅಣ್ಣನ ಮಗಳು ರಶ್ಮಿ ಬಂದು ಮೂರು ದಾರಿ ತೋರಿಸಿದಳು: ವಿಂಡೋಸ್, ಮ್ಯಾಕ್, ಇಲ್ಲವೇ ಲಿನಕ್ಸ್. ಲಿನಕ್ಸಿನ ಗುರುತು ಪೆಂಗ್ವಿನ್, ಮುದ್ದಾಗಿತ್ತು. ಆದರೆ ಪುಕ್ಕಟೆ ಅಂದಳು, ಪುಕ್ಕಟೆ ಅಂದಮೇಲೆ ನನಗೆ ಗೌರವ ಹುಟ್ಟಲಿಲ್ಲ. ಮ್ಯಾಕ್ ಬೆಳ್ಳಿ ಬಣ್ಣದ್ದು. ಕಣ್ಣು ಅಲ್ಲೇ ನಿಂತಿತು.

"ಅತ್ತೆ, ಮಾವ ಟೈಪ್ ಮಾಡೋ ಹಳೇ ಕನ್ನಡ ಸಾಫ್ಟ್‌ವೇರ್ ವಿಂಡೋಸ್‌ನಲ್ಲೇ ನಡೆಯೋದು. ಮೊದ್ಲು ಮಾವನ್ನ ಕೇಳಿ."

"ನಿಮ್ಮತ್ತೆಗೆ ಯಾವ್ದು ಒಪ್ಪುತ್ತೋ ಅದೇ ತಗೊಳ್ಲಿ ಬುಡಮ್ಮ," ಅಂದರು ಅವರು. "ನಂಗೆ ಅಕ್ಷರ ಬಂದ್ರೆ ಸಾಕು."

"ಅಕ್ಷರ ತಾನೇ? ಎಲ್ಲದ್ರಲ್ಲೂ ಬರುತ್ತೆ," ಅಂದೆ, ಎಲ್ಲ ಬಲ್ಲವಳ ಗತ್ತಿನಲ್ಲಿ.

ಮ್ಯಾಕ್ ಬಂತು. ಕಥೆಯನ್ನು ಪೆನ್‌ಡ್ರೈವಿಗೆ ತುಂಬಿಸಿ, ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟೆ. ತೆರೆದರೆ ಅರವತ್ತು ಪುಟದ ತುಂಬ ತಲೆ ಮೇಲೆ ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು! ಒಂದು ಪದಕ್ಕೂ ಅರ್ಥವಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ನೋಡೇ, ಕೊನೆಗೂ ನಿನ್ನ ಭಾಷೆಗೆ ಬಂದ್ಬುಟ್ಟೆ. ಈಗ್ಲಾದ್ರೂ ಓದು," ಅಂದು ನಕ್ಕರು. ನಾನೂ ನಕ್ಕೆ. ಹೊಸ ಕೀಬೋರ್ಡಿನಲ್ಲಿ ಅವರ ಬೆರಳಿಗೆ 'ದನ' ಎಂದು ಹೊಡೆಯಲೂ ಆಗಲಿಲ್ಲ. ಎರಡು ದಿನ ನೋಡಿ, ಮೂರನೇ ದಿನ ಪೇಪರ್ ಹಿಡಿದು ಕೂತರು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಆಮೇಲೆ ರಶ್ಮಿ ಹೇಗೋ ಅದನ್ನು ಕನ್ನಡಕ್ಕೆ ತಿರುಗಿಸಿಕೊಟ್ಟಳು. "ಒತ್ತಕ್ಷರ ಎಲ್ಲ ಎಡವಟ್ಟಾಗಿದೆ ಅತ್ತೆ. ಯಾರಾದ್ರೂ ಕೂತು ಸಾಲುಸಾಲೂ ತಿದ್ಬೇಕು." ಯಾರಾದರೂ ಅಂದರೆ ಇನ್ಯಾರು? ಅವರು ಮಧ್ಯಾಹ್ನ ಮಲಗಿದಾಗ ಕೂತು ತಿದ್ದತೊಡಗಿದೆ. ಹೀಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವಷ್ಟು ಧೈರ್ಯ ನನಗೆ ಬಂದದ್ದೂ ಅಲ್ಲಿಂದಲೇ. ತಿದ್ದಬೇಕಾದರೆ ಓದಲೇಬೇಕಲ್ಲ. ಒಂಬತ್ತನೇ ಪುಟದಲ್ಲಿ, ಗೌರಿ ಎಂಬ ಹಸುವಿನ ವರ್ಣನೆಯ ನಡುವೆ, ಸಂಬಂಧವೇ ಇಲ್ಲದೆ ಎರಡು ಸಾಲು: "ನನ್ನ ಹೆಂಡತಿ ಕನ್ನಡ ಓದುವುದು ನಿಧಾನ. ಅದಕ್ಕೇ ಸಣ್ಣ ಸಣ್ಣ ವಾಕ್ಯ ಬರೆಯುತ್ತಿದ್ದೇನೆ."

ಹಿಂದಿನ ಪುಟಗಳನ್ನು ತಿರುಗಿಸಿ ನೋಡಿದೆ. ಹೌದು, ಉದ್ದದ ವಾಕ್ಯ ಒಂದೂ ಇರಲಿಲ್ಲ.

ನಿನ್ನೆ ಕೊನೆಯ ಪುಟ ಮುಗಿಸಿದೆ. ಕತ್ತಲಾಗುತ್ತಿದೆ, ಗೌರಿ ಕಾಣೆಯಾಗಿದ್ದಾಳೆ, ಇವರು ಅಳುತ್ತಾ ಕಾವಲೆಲ್ಲ ಹುಡುಕುತ್ತಿದ್ದಾರೆ. ಅಷ್ಟೇ, ಅಲ್ಲಿಗೆ ನಿಂತಿದೆ. ಅವರು ಅದನ್ನು ಬರೆದ ಮಾರನೇ ದಿನವೇ ನಾನು ಲ್ಯಾಪ್‌ಟಾಪ್ ಬದಲಾಯಿಸಿದ್ದು. ತಡೆಯಲಾರದೆ ಅವರ ಹತ್ತಿರ ಹೋದೆ. "ರೀ, ಗೌರಿ ಸಿಕ್ಕಿದ್ಲಾ? ಮುಂದಕ್ಕೆ ಹೇಳಿ, ನಾನು ಟೈಪ್ ಮಾಡ್ತೀನಿ."

ಅವರು ಪೇಪರಿನಿಂದ ತಲೆಯೆತ್ತಿ ನನ್ನನ್ನೇ ಒಂದು ಗಳಿಗೆ ನೋಡಿದರು. ಮತ್ತೆ ಪೇಪರಿಗೆ ಮುಖ ಇಳಿಸಿ, "ಲೇಟರ್, ಡಿಯರ್, ಲೇಟರ್," ಅಂದರು.

ಪ್ರೊನನ್ಸಿಯೇಷನ್ ಪರ್ಫೆಕ್ಟ್ ಆಗಿತ್ತು. ಅರವತ್ತು ಪುಟಕ್ಕೆ ಅರವತ್ತು ಸಲ ಕೇಳಿಸಿಕೊಂಡಿದ್ದರಲ್ಲ.